ಇಂಟರ್‌ವಲ್ ದಿನ ನಾನು ಸಮಯ ಹಿಡಿಯುವ ರೀತಿ

ಇಂಟರ್‌ವಲ್ ತರಬೇತಿ ಅಂದರೆ ಸೈಕಲ್ಲನ್ನು ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ಸಾವಕಾಶ, ಹೀಗೆ ಸುತ್ತು ಸುತ್ತಾಗಿ ತುಳಿಯುವುದು. ಅದರಲ್ಲಿ ಜೋರಾಗಿ ತುಳಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಡುವಿನ ವಿಶ್ರಾಂತಿಯನ್ನು ಅಳತೆ ತಪ್ಪದ ಹಾಗೆ ನಡೆಸುವುದು ಕಲಿಯಬೇಕಾದ ಕೆಲಸ. ಉಸಿರು ಕಟ್ಟುವಂತೆ 3 ನಿಮಿಷ ತುಳಿದ ಮೇಲೆ, 2 ನಿಮಿಷ ಅಂದುಕೊಂಡ ವಿಶ್ರಾಂತಿ ಗೊತ್ತಿಲ್ಲದಂತೆ ಮೂರೂವರೆಗೆ ಹೋಗುತ್ತದೆ. ಮುಂದಿನ ಸುತ್ತು ಆಗ ಹಗುರ ಅನಿಸುತ್ತದೆ, ತರಬೇತಿಯ ಉದ್ದೇಶ ಕೈತಪ್ಪುತ್ತದೆ. ಅದಕ್ಕೇ ಹ್ಯಾಂಡಲ್ ಮೇಲಿನ ಕಂಪ್ಯೂಟರನ್ನು ನಾನು ಮುಖ್ಯವಾಗಿ ಗಡಿಯಾರವಾಗಿಯೇ ಬಳಸುತ್ತೇನೆ.

ನನ್ನದು ಗಾರ್ಮಿನ್ ಎಡ್ಜ್ ಎಂಬ ಸೈಕಲ್ ಕಂಪ್ಯೂಟರ್. ಇಂಟರ್‌ವಲ್ ದಿನ ಅದರಲ್ಲಿ ಎರಡು ಸೌಲಭ್ಯ ಆಫ್ ಮಾಡುತ್ತೇನೆ. ಒಂದು ಆಟೋ ಲ್ಯಾಪ್. ಲ್ಯಾಪ್ ಅಂದರೆ ಯಂತ್ರ ಬೇರೆಯಾಗಿ ಲೆಕ್ಕ ಇಡುವ ಸವಾರಿಯ ಒಂದು ತುಂಡು. ಇಷ್ಟು ದೂರಕ್ಕೊಂದು ಲ್ಯಾಪ್ ಅಂತ ಅದು ತಾನೇ ಕತ್ತರಿಸುತ್ತ ಹೋದರೆ ಸುತ್ತು ನಡುವೆಯೇ ಎರಡು ತುಂಡಾಗುತ್ತದೆ. ಇನ್ನೊಂದು ಆಟೋ ಪಾಜ್, ಅಂದರೆ ಸೈಕಲ್ ನಿಂತಾಗ ಟೈಮರನ್ನೂ ತಾನೇ ನಿಲ್ಲಿಸುವುದು. ವಿಶ್ರಾಂತಿಯ ಹೊತ್ತಿನಲ್ಲಿ ಎಮ್ಮೆಗಳು ಅಡ್ಡ ಬಂದು ಸೈಕಲ್ ನಿಲ್ಲಿಸಿದೆವು ಎನ್ನಿ. ದೇಹ ಸುಧಾರಿಸಿಕೊಳ್ಳುತ್ತಲೇ ಇರುತ್ತದೆ, ಟೈಮರ್ ಮಾತ್ರ ನಿಂತಿರುತ್ತದೆ. ಸ್ಕ್ರೀನ್ ಮೇಲೆ ಲ್ಯಾಪ್ ಸಮಯ, ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಎಷ್ಟು ಸಲ ತಿರುಗಿತು ಎಂಬ ಲೆಕ್ಕ), ಹಾರ್ಟ್ ರೇಟ್, ಈ ಮೂರನ್ನೇ ದೊಡ್ಡದಾಗಿ ಇಟ್ಟುಕೊಳ್ಳುತ್ತೇನೆ.

ವರ್ಕೌಟನ್ನು ಮೊಬೈಲಿನಲ್ಲೇ ಕಟ್ಟಿ ಕಂಪ್ಯೂಟರಿಗೆ ಕಳಿಸುತ್ತೇನೆ: 3 ನಿಮಿಷ ಜೋರು, 2 ನಿಮಿಷ ಸಾವಕಾಶ, ಹೀಗೆ 5 ಸುತ್ತು. ಆದರೆ ವಾರ್ಮ್‌ಅಪ್‌ಗೆ ನಿಮಿಷ ಕೊಡುವುದಿಲ್ಲ, ‘ಲ್ಯಾಪ್ ಬಟನ್ ಒತ್ತುವವರೆಗೆ’ ಅಂತ ತೆರೆದಿಡುತ್ತೇನೆ. ಧಾರವಾಡದ ಜುಬಿಲಿ ಸರ್ಕಲ್ ದಾಟಿ ಕೆಲಗೇರಿ ಆಚೆ ಹೋಗಲಿಕ್ಕೆ ಒಂದೊಂದು ದಿನ ಒಂದೊಂದು ಹೊತ್ತು ಹಿಡಿಯುತ್ತದೆ. ಊರೊಳಗಿನ ಗದ್ದಲದಲ್ಲಿ ‘ಜೋರು’ ಅಂತ ಬೀಪ್ ಹೊಡೆದರೆ ಅಪಾಯ. ಖಾಲಿ ರಸ್ತೆ ಕಂಡ ಮೇಲೆ ನಾನೇ ಬಟನ್ ಒತ್ತುತ್ತೇನೆ, ಅಲ್ಲಿಂದ ಮುಂದೆ ಯಂತ್ರ ಹೇಳಿದಂತೆ. ಹುಬ್ಬಳ್ಳಿ-ಧಾರವಾಡ ಹೆದ್ದಾರಿಯನ್ನು ಈ ಕೆಲಸಕ್ಕೆ ಬಳಸುವುದೇ ಇಲ್ಲ. ಸಿಗ್ನಲ್, ಬಸ್ಸು, ಅಡ್ಡ ದಾಟುವ ಜನ, ಅಲ್ಲಿ ಯಾವ ಸುತ್ತೂ ಪೂರ್ತಿಯಾಗುವುದಿಲ್ಲ.

ಸುತ್ತನ್ನು ದೂರದಲ್ಲಿ ಯಾಕೆ ಅಳೆಯುವುದಿಲ್ಲ ಅಂತ ಜೊತೆಗಾರರು ಕೇಳುತ್ತಾರೆ. ಮಳೆಗಾಲದಲ್ಲಿ ಅಳ್ನಾವರ ರಸ್ತೆಗೆ ಹೋಗಿ ನೋಡಿದರೆ ತಿಳಿಯುತ್ತದೆ. ಪಡುವಣ ಗಾಳಿ ಎದೆಗೇ ಬಡಿಯುತ್ತದೆ. ಹೋಗುವಾಗ ಗಂಟೆಗೆ 24 ಕಿ.ಮೀ. ವೇಗ ಸಿಕ್ಕರೆ ಒಂದು ಕಿಲೋಮೀಟರಿಗೆ ಎರಡೂವರೆ ನಿಮಿಷ ಬೇಕು. ಅಷ್ಟೇ ಶ್ರಮಕ್ಕೆ ಬರುವಾಗ 36 ಸಿಕ್ಕರೆ 1 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ. ದೂರ ಒಂದೇ ಆದರೂ ಕಾಲಿಗೆ ಬಿದ್ದ ಕೆಲಸ ಒಂದೇ ಅಲ್ಲ. ನಿಮಿಷ ಹಿಡಿದರೆ ಗಾಳಿ ಎತ್ತಲಿಂದ ಬೀಸಿದರೂ ಲೆಕ್ಕ ಕೆಡುವುದಿಲ್ಲ.

ಹಾರ್ಟ್ ರೇಟ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಅದು ಕಾಲಿನ ಹಿಂದೆ ತಡವಾಗಿ ಬರುತ್ತದೆ. ಮೊದಲ ಅರ್ಧ ನಿಮಿಷದಲ್ಲಿ ಅಂಕಿ ಏರಲಿಲ್ಲ ಅಂತ ಇನ್ನೂ ಒತ್ತಿದರೆ ಮೂರನೆಯ ನಿಮಿಷಕ್ಕೆ ಕಾಲು ಸೋಲುತ್ತವೆ. ನಾನು 2 ನಿಮಿಷ ಕಳೆಯುವವರೆಗೆ ಆ ಅಂಕಿ ನೋಡುವುದೇ ಇಲ್ಲ. ಅಲ್ಲಿಯವರೆಗೆ ಉಸಿರು ಮತ್ತು ಕೇಡೆನ್ಸ್ ಸಾಕು.

ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರಿನಲ್ಲಿ ಕ್ರಮ ಬೇರೆ. ಏರು ಚಿಕ್ಕದು, ಮುಂಜಾನೆ ವಾಕಿಂಗ್ ಬರುವವರು ಬಹಳ. ಅಲ್ಲಿ ವರ್ಕೌಟ್ ಹಾಕುವುದಿಲ್ಲ. ಕೆಳಗೆ ಒಂದು ಕಂಬ, ಮೇಲೆ ಒಂದು ಕಂಬ ಗುರುತು ಇಟ್ಟುಕೊಂಡು ಕೈಯಿಂದಲೇ ಲ್ಯಾಪ್ ಒತ್ತುತ್ತೇನೆ. ಇಳಿಯುವಾಗ ಸ್ಕ್ರೀನ್ ಕಡೆ ಕಣ್ಣು ಹಾಕಬಾರದು. ಗಂಟೆಗೆ 36 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ, ಎರಡು ಸೆಕೆಂಡ್ ಕಣ್ಣು ಕೆಳಗಿಟ್ಟರೆ 20 ಮೀಟರ್ ಕುರುಡು ಸವಾರಿ. ಇದೇ ಕಾರಣಕ್ಕೆ 20 ಸೆಕೆಂಡ್ ಜೋರು, 10 ಸೆಕೆಂಡ್ ವಿಶ್ರಾಂತಿಯ ತಬಾಟಾ ಕ್ರಮವನ್ನು ಮನೆಯಲ್ಲಿ ಟ್ರೈನರ್ ಮೇಲಷ್ಟೇ, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡ್ ಮೇಲಷ್ಟೇ ಮಾಡುತ್ತೇನೆ. ಜಪಾನಿನ ಇಝುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಆ ಪ್ರಯೋಗವೂ ನಿಂತಲ್ಲೇ ತುಳಿಯುವ ಎರ್ಗೋಮೀಟರ್ ಮೇಲೆಯೇ ನಡೆದದ್ದು.

ನಮ್ಮ ಓಣಿಯ ಹುಡುಗನೊಬ್ಬ ಕೇಳಿದ: “ಅಣ್ಣಾರ, ಮೊಬೈಲ್‌ನ್ಯಾಗ ಸ್ಟಾಪ್‌ವಾಚ್ ಐತಲ್ರೀ, ಇದ್ಯಾಕ ಬೇಕು?”

“ಬೆವರಿನ ಕೈಲೆ ಸ್ಕ್ರೀನ್ ಒತ್ತಿದ್ರ ತಗೊಳ್ಳಂಗಿಲ್ಲಪಾ. ಕೈಗೆ ಸಿಗೋ ಬಟನ್ ಬೇಕು. ಟೈಮರ್ ಇರೋ ಕೈಗಡಿಯಾರ ಇದ್ರೂ ನಡೀತದ,” ಅಂದೆ. ನಿಜವಾಗಿಯೂ ನಡೆಯುತ್ತದೆ. ದುಬಾರಿ ಯಂತ್ರ ಇಲ್ಲ ಅಂತ ಯಾರೂ ಕಾಯಬೇಕಾಗಿಲ್ಲ.

ಮನೆಗೆ ಬಂದ ಮೇಲೆ ಲ್ಯಾಪ್ ಪಟ್ಟಿ ತೆರೆದು ಮೊದಲ ಮತ್ತು ಕೊನೆಯ ಸುತ್ತಿನ ಕೇಡೆನ್ಸ್ ಹೋಲಿಸುತ್ತೇನೆ. ಬೆಟ್ಟದ ದಿನವಾದರೆ ಏರಿದ ಸಮಯ. ಕೊನೆಯದು ತೀರ ಬಿದ್ದಿದ್ದರೆ ಮುಂದಿನ ವಾರವೂ ಅದೇ ವರ್ಕೌಟ್. ಎರಡೂ ಸರಿಸಮ ಇದ್ದರೆ ಜೋರು ಸುತ್ತಿಗೆ ಅರ್ಧ ನಿಮಿಷ ಕೂಡಿಸುತ್ತೇನೆ, ವಿಶ್ರಾಂತಿಯ 2 ನಿಮಿಷವನ್ನು ಮುಟ್ಟುವುದಿಲ್ಲ.