ನಿಮಾಲಿಂಗ್‌ನಲ್ಲಿ ಗೆದ್ದ ಹಗ್ಗದ ಪರೀಕ್ಷೆ

ಲಡಾಖ್‌ಗೆ ಚಾರಣಿಗರನ್ನು ಕರೆದೊಯ್ಯುವ ನಾವೆಲ್ಲ ಯಾರಿಗಾದರೂ ಎತ್ತರದ ಕಾಯಿಲೆ ಹತ್ತಿದೆಯೇ ಎಂದು ತಿಳಿಯಲು ಸಂಜೆ ಡೇರೆಗಳ ಬಳಿ ಹೋಗಿ ‘ಹೇಗಿದ್ದೀರಿ?’ ಎಂದು ಕೇಳುತ್ತೇವೆ. ನಾನು ಆ ಪ್ರಶ್ನೆಯನ್ನು ಕೈಬಿಟ್ಟು ವರ್ಷಗಳಾದವು. ಐದು ಮೀಟರಿನ ಹಗ್ಗವನ್ನು ನೆಲಕ್ಕೆ ಹಾಸಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ಅದರ ಮೇಲೆ ನಡೆಸುತ್ತೇನೆ, ಒಂದು ಲೆಕ್ಕ ಮಾಡಿಸುತ್ತೇನೆ, ಒಂದು ಸಾಲು ಬರೆಸುತ್ತೇನೆ. ಇತರ ಆಯೋಜಕರು ಇದನ್ನು ಮಕ್ಕಳ ಆಟ ಎಂದರು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇರುವಾಗ ಹಗ್ಗವೇಕೆ ಎಂದು ಕೇಳಿದರು. ಮಾರ್ಖಾ ಕಣಿವೆಯಲ್ಲಿ ಅದೇ ಹಗ್ಗ ಒಬ್ಬರನ್ನು ಸಕಾಲಕ್ಕೆ ಕೆಳಗಿಳಿಸಿದ್ದರಿಂದ ಈಗ ಬರೆಯುತ್ತಿದ್ದೇನೆ.

ಬಾಯಿಮಾತನ್ನು ಏಕೆ ನಂಬಬಾರದು ಎಂಬುದಕ್ಕೆ 1875ರ ‘ಜೆನಿತ್’ ಬಲೂನಿನ ಕಥೆ ಸಾಕು. ಮೂವರು ಮೇಲೇರಿದರು, ಬದುಕಿ ಇಳಿದವರು ಫ್ರಾನ್ಸಿನ ಟಿಸಾಂಡಿಯೆ ಒಬ್ಬರೇ. ಎಂಟು ಸಾವಿರ ಮೀಟರ್ ಮುಟ್ಟಿದ್ದೇವೆಂದು ಕೂಗಲು ಹೊರಟಾಗ ನಾಲಿಗೆ ಏಳಲಿಲ್ಲ. ಆದರೆ ಸಂಕಟವೇನೂ ಇರಲಿಲ್ಲ, ಒಳಗೆ ಒಂದು ಬಗೆಯ ಆನಂದವೇ ಇತ್ತು ಎಂದು ಅವರು ದಾಖಲಿಸಿದ್ದಾರೆ. ನಮ್ಮ ಚಾರಣಿಗರು ಅಷ್ಟು ಎತ್ತರಕ್ಕೆ ಹೋಗುವುದಿಲ್ಲ, ನಿಜ. ಆದರೂ ಎತ್ತರದ ಕಾಯಿಲೆಯಿಂದ ಮಿದುಳು ಊದತೊಡಗಿದವನು ‘ಚೆನ್ನಾಗಿದ್ದೇನೆ’ ಎಂದೇ ಹೇಳಬಹುದು. ಹಾಗೆ ಹೇಳುವುದೂ ಅದೇ ಮಿದುಳಲ್ಲವೇ?

ಆಕ್ಸಿಮೀಟರಿಗೆ ನಾನು ಸುರಿದ ಹಣ ಕಡಿಮೆಯಲ್ಲ. ಅಗ್ಗದವು ಸರಿಯಿಲ್ಲವೆಂದು ಒಂದಕ್ಕೆ ಮೂರು ಸಾವಿರದಷ್ಟು ಕೊಟ್ಟು ನಾಲ್ಕೈದು ಕೊಂಡೆ. ಬೆರಳು ತಣ್ಣಗಿದ್ದರೆ ಅಂಕಿ ಕುಣಿಯುತ್ತದೆ, ಉಗುರಿನ ಬಣ್ಣವಿದ್ದರೂ ಕೆಡುತ್ತದೆ. ಮಾರ್ಖಾ ಚಾರಣದ 4,700 ಮೀಟರಿನ ಬಿಡಾರ ನಿಮಾಲಿಂಗ್‌ನಲ್ಲಿ 76 ತೋರಿಸಿದವರು ಅನ್ನ-ಸಾರು ಎರಡು ಸಲ ಹಾಕಿಸಿಕೊಳ್ಳುತ್ತಾರೆ, 84 ಇರುವವರು ತಲೆ ಹಿಡಿದು ಕುಳಿತಿರುತ್ತಾರೆ. ಅದು ರಕ್ತದ ಸುದ್ದಿ ಹೇಳುತ್ತದೆ, ಮಿದುಳಿನದಲ್ಲ.

ಲೆಕ್ಕದ ಪರೀಕ್ಷೆಯೂ ಸುಲಭವಾಗಿ ಕೈಗೆ ಬರಲಿಲ್ಲ. ನೂರರಿಂದ ಏಳೇಳು ಕಳೆಯಿರಿ ಎಂದರೆ ಎರಡನೆಯ ಸಂಜೆಗೆ 93, 86, 79 ಬಾಯಿಪಾಠವಾಗಿರುತ್ತಿತ್ತು. ಹದಿಮೂರರ ಮಗ್ಗಿಯನ್ನು ಹಿಂದಿನಿಂದ ಹೇಳಿಸಿದರೆ ಬೆಂಗಳೂರಿನಲ್ಲೇ ಅರ್ಧ ಜನ ತಡವರಿಸಿದರು. ಕೊನೆಗೆ ನೆಲೆ ನಿಂತದ್ದು ಹೀಗೆ: ಪ್ರತಿ ಸಂಜೆ ಬೇರೆ ಸಂಖ್ಯೆಯಿಂದ ಶುರು, ಅರ್ಧ ನಿಮಿಷ ಸಮಯ, ಮತ್ತು ಪ್ರತಿಯೊಬ್ಬರನ್ನೂ ಅವರದೇ ಬೆಂಗಳೂರಿನ ಫಲಿತಾಂಶದೊಂದಿಗೆ ಹೋಲಿಸುವುದು. ಹೊರಡುವ ಎರಡು ವಾರ ಮೊದಲು ಉದ್ಯಾನದಲ್ಲಿ ಒಮ್ಮೆ, ಲೇಹ್‌ನಲ್ಲಿ ಎರಡನೆಯ ರಾತ್ರಿ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷಿಸುತ್ತೇನೆ. ಎರಡು ಸಲವೂ ಚಾರಣದ ಶೂಗಳಲ್ಲೇ ನಡೆಯಬೇಕು. ಬರೆಸುವ ಸಾಲು ಯಾವುದೆಂದು ಇಲ್ಲಿ ಹೇಳುವುದಿಲ್ಲ; ಒತ್ತಕ್ಷರಗಳು ತುಂಬಿರುತ್ತವೆ ಎಂದಷ್ಟೇ ಹೇಳಬಲ್ಲೆ. ನಿದ್ದೆಗೆಟ್ಟವರೂ ಲೆಕ್ಕ ತಪ್ಪುತ್ತಾರೆ, ಆದ್ದರಿಂದ ಲೆಕ್ಕವೊಂದನ್ನೇ ನೋಡಿ ಯಾರನ್ನೂ ಕೆಳಗಿಳಿಸುವುದಿಲ್ಲ. ನಡಿಗೆ ತಪ್ಪಿದರೆ ಮಾತ್ರ ಚರ್ಚೆಯಿಲ್ಲ, ಅದು ಮಿದುಳಿನ ಊತದ ಗುರುತು.

ನಿಮಾಲಿಂಗ್‌ನಲ್ಲಿ ಆದದ್ದೂ ಅದೇ. ನಲವತ್ತರ ಆಸುಪಾಸಿನ ಸಾಫ್ಟ್‌ವೇರ್ ಉದ್ಯೋಗಿ, ಮ್ಯಾರಥಾನ್ ಓಡುವವರು. ಆಕ್ಸಿಮೀಟರ್ 82 ತೋರಿಸುತ್ತಿತ್ತು, ಗುಂಪಿನಲ್ಲೇ ಒಳ್ಳೆಯ ಅಂಕಿ. ಲೆಕ್ಕದಲ್ಲೂ ಒಂದೇ ತಪ್ಪು. ಹಗ್ಗದ ಮೇಲೆ ಮೂರನೆಯ ಹೆಜ್ಜೆಗೇ ಬಲಕ್ಕೆ ವಾಲಿದರು. ‘ಏನೂ ಆಗಿಲ್ಲ ಸರ್, ಸುಸ್ತು ಅಷ್ಟೇ’ ಎಂದರು. ಮತ್ತೆ ನಡೆಸಿದೆ, ಮತ್ತೆ ವಾಲಿದರು. ಲಡಾಖಿ ಗೈಡ್ ಬೆಳಿಗ್ಗೆ ನೋಡೋಣ ಎಂದ. ನಾನು ಒಪ್ಪಲಿಲ್ಲ. ಹೊರಡುವ ಮೊದಲೇ ವೈದ್ಯರು ಬರೆದುಕೊಟ್ಟಿದ್ದಂತೆ ಮಿದುಳಿನ ಊತ ತಗ್ಗಿಸುವ ಡೆಕ್ಸಾಮೆಥಸೋನ್ 8 ಮಿಲಿಗ್ರಾಂ ಕೊಟ್ಟು, ಕುದುರೆ ಮತ್ತು ಇಬ್ಬರ ಜೊತೆ ಆ ರಾತ್ರಿಯೇ ಕೆಳಗಿನ ಬಿಡಾರ ಥಾಚುಂಗ್‌ಸೆಗೆ ಇಳಿಸಿದೆವು. ಸುಮಾರು 500 ಮೀಟರ್ ಇಳಿತ. ದಾರಿಯಲ್ಲಿ ಅವರಿಗೆ ತಮ್ಮ ಕೈಗವಸು ಯಾವ ಕೈಯದೆಂದೇ ತಿಳಿಯುತ್ತಿರಲಿಲ್ಲವಂತೆ. ಬೆಳಿಗ್ಗೆ ಮಾತು ನೆಟ್ಟಗಾಗಿತ್ತು, ನಡಿಗೆಯೂ ಬಹುಪಾಲು. ಅಲ್ಲಿಂದಲೂ ಕೆಳಗಿಳಿಸಿ ವಾಹನ ಹಿಡಿದು ಲೇಹ್‌ಗೆ ಕಳುಹಿಸಿದೆವು. ಈಗ ಆ ಗೈಡ್ ತನ್ನದೇ ಒಂದು ಹಗ್ಗ ಇಟ್ಟುಕೊಂಡಿದ್ದಾನೆ.

ನಡುವೆ ಕರ್ಪೂರದ ಪ್ರಯೋಗವನ್ನೂ ಮಾಡಿದೆ, ಏಕೆಂದರೆ ನಮ್ಮವರು ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೇ ಬರುತ್ತಾರೆ. ಮೂಸುವ ಮೊದಲು, ಮೂಸಿದ ಮೇಲೆ ಎಂದು ಹತ್ತಾರು ಜನರ ಆಕ್ಸಿಮೀಟರ್ ಅಂಕಿ ಬರೆದುಕೊಂಡೆ: ಒಂದಿಷ್ಟೂ ಏರಲಿಲ್ಲ. ಮೂಗು ತೆರೆದಂತಾಗುತ್ತದೆ, ಅಷ್ಟೇ. ಬೆಳ್ಳುಳ್ಳಿ ಸಾರೂ ಅಷ್ಟೇ, ಆದರೆ ಬಿಸಿಯಾಗಿ ಕುಡಿಯಲು ಚೆಂದ. ಲೇಹ್ ಪೇಟೆಯಲ್ಲಿ ಸಿಗುವ ಐನೂರು ರೂಪಾಯಿ ಆಚೀಚೆಯ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಗಳಲ್ಲಿ ಖಾಲಿ. ಅದನ್ನು ನಂಬಿ ಮೇಲೇರಬೇಡಿ.

ನಿಜವಾಗಿ ಹಣ ಬೇಡುವುದು ಹೆಚ್ಚುವರಿ ರಾತ್ರಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದೆಂಬುದು ನಿಮಗೂ ಗೊತ್ತು. ಆದರೂ ಥಾಚುಂಗ್‌ಸೆಗಿಂತ ಕೆಳಗಿನ ಹಳ್ಳಿ ಹಂಕರ್‌ನಿಂದ ನೇರ ನಿಮಾಲಿಂಗ್‌ಗೆ ಹತ್ತಿಸಿ ಒಂದು ದಿನ ಉಳಿಸುವವರೇ ಹೆಚ್ಚು. ನಾನು ಥಾಚುಂಗ್‌ಸೆಯಲ್ಲಿ ಒಂದು ರಾತ್ರಿ ತಂಗುತ್ತೇನೆ. ಕುದುರೆ, ಅಡುಗೆಯವರು, ಗೈಡ್ ಎಲ್ಲ ಸೇರಿ ತಲೆಗೆ ಎರಡು ಸಾವಿರದಷ್ಟು ಹೆಚ್ಚು ಬೀಳುತ್ತದೆ. ಮೊದಲ ಋತುಗಳಲ್ಲಿ ಅದಕ್ಕಾಗಿಯೇ ಅರ್ಧ ಗುಂಪು ಕೈತಪ್ಪಿತು, ಸಾಲವೂ ಆಯಿತು. ಈಗ ಅದನ್ನು ಶುಲ್ಕದಲ್ಲೇ ಸೇರಿಸಿದ್ದೇನೆ, ಚೌಕಾಸಿ ಇಲ್ಲ. ಈ ಬಾರಿಯ ಜುಲೈ ಗುಂಪು ಮಾರ್ಚ್‌ನಲ್ಲೇ ಭರ್ತಿಯಾಯಿತು.