ರೆಸಿನ್ ಇಲ್ಲ, ಗ್ಲಾಸ್ ಇಲ್ಲ: ಪಿಪಿ ಟೇಪಿನ ಬಟ್ಟೆ ಪದರ ಪದರ ಜೋಡಿಸಿ ಗಾರ್ಡ್ ಮಾಡೋ ನನ್ನ ಅನುಭವ

ಕೊಡಗಲ್ಲಿ ಮಳೆಗಾಲದಲ್ಲಿ ಫೈಬರ್ ಕೆಲಸ, ಅಂದ್ರೆ ಗ್ಲಾಸ್ ನಾರಿಗೆ ರೆಸಿನ್ ಅನ್ನೋ ಅಂಟು ದ್ರವ ಹಾಕಿ ಗಟ್ಟಿ ಮಾಡೋ ಕೆಲಸ, ಮಾಡಿದವರಿಗೆ ನಾನು ಹೇಳೋದು ತಕ್ಷಣ ಅರ್ಥ ಆಗುತ್ತೆ. ಜೂನಿಂದ ಸೆಪ್ಟೆಂಬರ್ ತನಕ ಗ್ಲಾಸ್ ಮ್ಯಾಟ್ ಗಾಳಿಯ ತೇವ ಎಳ್ಕೊಂಡು ಕೂತಿರುತ್ತೆ, ಪಾಲಿಯೆಸ್ಟರ್ ರೆಸಿನ್ ಮೇಲ್ಮೈ ಒಣಗದೆ ಅಂಟಂಟು ಆಗೇ ಉಳಿಯುತ್ತೆ, ಶೆಡ್ ಬಾಗಿಲು ತೆಗೆದ್ರೆ ಮಳೆ ಎರಚಲು, ಮುಚ್ಚಿದ್ರೆ ರೆಸಿನ್ನಲ್ಲಿರೋ ಸ್ಟೈರೀನ್ ವಾಸನೆಗೆ ತಲೆನೋವು, ಮೇಲಿಂದ ಮೈಯೆಲ್ಲಾ ಗ್ಲಾಸಿನ ತುರಿಕೆ. ಗೋಣಿಕೊಪ್ಪದ ಹತ್ತಿರ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ, ಜೀಪಿಗೆ ಬೇಕಾದ ಫೈಬರ್ ಪಾರ್ಟ್ಸ್ ಮಾಡ್ಕೊಂಡು ಬಂದವನು ನಾನು. ಈಗ ಹಾಕಿ ಆಡೋ ಮಕ್ಕಳ ಶಿನ್ ಗಾರ್ಡ್, ಜೀಪಿನ ಅಡಿಗೆ ಹಾಕೋ ಗಾರ್ಡ್ ಥರದ ಕೆಲವು ಕೆಲಸಕ್ಕೆ ರೆಸಿನ್ ಪೂರ್ತಿ ಬಿಟ್ಟು ಪಾಲಿಪ್ರೊಪಿಲೀನ್ (ಪಿಪಿ) ಟೇಪಿನ ಬಟ್ಟೆ ಹಿಡ್ಕೊಂಡಿದೀನಿ, ಇದರ ಬಗ್ಗೆ ಕನ್ನಡದಲ್ಲಿ ಯಾರೂ ಬಿಡಿಸಿ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೆ ಬರೀತಿದೀನಿ.

ಮೊದಲು ಈ ಮಾಲು ಏನು ಅಂತ. ತೋಟದ ಪ್ರತಿ ಸ್ಟೋರ್ ರೂಮಲ್ಲೂ ಖಾಲಿ ಗೊಬ್ಬರದ ಚೀಲ ಬಿದ್ದಿರುತ್ತಲ್ಲ, ಅದರ ಅಂಚಿಂದ ಒಂದು ಎಳೆ ಎಳೆದು ನೋಡಿ. ಚಪ್ಪಟೆ ಪಟ್ಟಿ, ಉದ್ದಕ್ಕೆ ಎಳೆದ್ರೆ ಕೈ ಕುಯ್ಯುತ್ತೆ ಹೊರತು ಸುಲಭಕ್ಕೆ ತುಂಡಾಗಲ್ಲ, ಆದ್ರೆ ಅಗಲಕ್ಕೆ ಎಳೆದ್ರೆ ಉದ್ದುದ್ದಕ್ಕೆ ಸಲೀಸಾಗಿ ಸೀಳುತ್ತೆ. ಅದೂ ಪಾಲಿಪ್ರೊಪಿಲೀನೇ, ನಿಮ್ಮ ಮನೆ ಪ್ಲಾಸ್ಟಿಕ್ ಡಬ್ಬಿಯೂ ಪಾಲಿಪ್ರೊಪಿಲೀನೇ. ವ್ಯತ್ಯಾಸ ಇರೋದು ಎಳೆದಿರೋದ್ರಲ್ಲಿ. ಡಬ್ಬಿಯಲ್ಲಿ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳು ನೂಲ್‌ಪುಟ್ಟಿನ ಥರ ಒಂದಕ್ಕೊಂದು ಸಿಕ್ಕಾಕ್ಕೊಂಡು ಬಿದ್ದಿರುತ್ತೆ. ಟೇಪ್ ಮಾಡುವಾಗ ಅದನ್ನ ಬಿಸಿಯಲ್ಲಿ ಉದ್ದಕ್ಕೆ ಎಳೀತಾರೆ, ಸರಪಳಿಗಳು ಒಂದೇ ದಿಕ್ಕಿಗೆ ನೆಟ್ಟಗೆ ನಿಲ್ಲುತ್ತೆ, ಬಲ ಬರೋದು ಅಲ್ಲಿಂದ. ಚೀಲದ ಟೇಪನ್ನ ಐದಾರು ಪಟ್ಟು ಎಳೆದಿರ್ತಾರೆ, ನಾನು ಹೇಳ್ತಿರೋ ಟೇಪನ್ನ ಹತ್ತು ಪಟ್ಟಿಗಿಂತ ಜಾಸ್ತಿ ಎಳೆದಿರ್ತಾರೆ.

ಈ ಟೇಪು ಮೂರು ಪದರದ್ದು. ನಡುವೆ ಚೆನ್ನಾಗಿ ಎಳೆದ ಗಟ್ಟಿ ಪಿಪಿ, ಎರಡೂ ಕಡೆ ತೆಳ್ಳಗೆ ಇನ್ನೊಂದು ಜಾತಿ ಪಿಪಿ, ಅದು ಕಮ್ಮಿ ಬಿಸಿಗೇ ಕರಗುತ್ತೆ. ಟೇಪನ್ನ ಬಟ್ಟೆ ಥರ ನೇಯ್ದು, ಬಟ್ಟೆಯನ್ನ ಒಂದರ ಮೇಲೊಂದು ಹಾಸಿ, ಬಿಸಿ ಪ್ರೆಸ್ಸಲ್ಲಿ ಒತ್ತಿದ್ರೆ ಹೊರಗಿನ ಸಿಪ್ಪೆ ಕರಗಿ ಎಲ್ಲಾ ಪದರ ಒಂದಕ್ಕೊಂದು ಬೆಸೆಯುತ್ತೆ, ಒಳಗಿನ ತಿರುಳು ಕರಗದೆ ಹಾಗೇ ಇರುತ್ತೆ. ಅಂದ್ರೆ ಬಲ ಕೊಡೋ ನಾರೂ ಅದೇ, ಹಿಡಿದಿಡೋ ಅಂಟೂ ಅದೇ. ಇದರ ಬೇರು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಯಾನ್ ವಾರ್ಡ್ ಅವರ ತಂಡ ಮಾಡಿದ ಕೆಲಸದಲ್ಲಿದೆ, ಅವರು ಸಿಪ್ಪೆ ಬೇರೆ ಇಲ್ಲದೆ ಎಳೆದ ನಾರಿನ ಹೊರಮೈಯನ್ನೇ ಸ್ವಲ್ಪ ಕರಗಿಸಿ ಬೆಸೀತಿದ್ರು. ಅದರಿಂದ ಬಂದ ಕರ್ವ್ ಅನ್ನೋ ಶೀಟಲ್ಲೇ ಸ್ಯಾಮ್ಸೊನೈಟ್‌ನವರು 2008ರಲ್ಲಿ ಹಗುರ ಸೂಟ್‌ಕೇಸ್ ತಂದ್ರು. ಮೂರು ಪದರದ ಟೇಪ್ ಆಮೇಲೆ ಬಂದಿದ್ದು, ಅದು ನಮ್ಮಂಥ ಸಣ್ಣ ಶೆಡ್‌ನವರಿಗೆ ವರ, ಯಾಕಂದ್ರೆ ಸಿಪ್ಪೆ ಕರಗೋ ಬಿಸಿಗೂ ತಿರುಳು ಕೆಡೋ ಬಿಸಿಗೂ ನಡುವೆ ಕೈಯಾಡಿಸೋಕೆ ಜಾಗ ಸಿಗುತ್ತೆ.

ಪ್ರೆಸ್ ವಿಷಯಕ್ಕೆ ಬರ್ತೀನಿ, ಎಲ್ಲರೂ ಮೊದಲು ಕೇಳೋದು ಅದನ್ನೇ. ಹೊಸದು ತರೋ ಅಗತ್ಯ ಇಲ್ಲ. ರಬ್ಬರ್ ವಾಷರ್, ಬುಷ್ ಅಚ್ಚು ಹಾಕೋ ಹಳೇ ಹೈಡ್ರಾಲಿಕ್ ಪ್ರೆಸ್ ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತೆ, ರಬ್ಬರ್ ಬೇಯಿಸೋ ಬಿಸಿಯೂ 150 ಡಿಗ್ರಿ ಆಸುಪಾಸಿಂದೇ ಆಗಿರೋದ್ರಿಂದ ಹೀಟರ್ ಪ್ಲೇಟ್ ಏನೂ ಬದಲಾಯಿಸಬೇಕಾಗಿಲ್ಲ. ನನ್ನದರ ಪ್ಲೇಟು 45 ಸೆಂ.ಮೀ. ಚೌಕ. ಒತ್ತಡ ನಾನು ಚದರ ಸೆಂಟಿಮೀಟರಿಗೆ 20 ಕೆಜಿ ಲೆಕ್ಕ ಇಟ್ಕೊಂಡಿದೀನಿ, ಅಂದ್ರೆ ಪೂರ್ತಿ ಪ್ಲೇಟಿಗೆ 40 ಟನ್, ಹಾಗಾಗಿ 50 ಟನ್ನಿನ ಪ್ರೆಸ್ ಸಾಕು. ನೋಡಿ ತರುವಾಗ ಒಂದು ಮಾತು, ಕೈಪಂಪ್ ಇರೋದನ್ನೇ ತಗೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಕರೆಂಟ್ ಯಾವಾಗ ಬರುತ್ತೋ ಹೇಳೋಕಾಗಲ್ಲ, ಕೈಪಂಪಾದ್ರೆ ಒತ್ತಡ ಹಾಗೇ ನಿಲ್ಲುತ್ತೆ, ಮಾಲು ಒಳಗೇ ನಿಧಾನಕ್ಕೆ ಆರುತ್ತೆ. ಬಿಸಿ ಏರೋ ಮಧ್ಯದಲ್ಲೇ ಕರೆಂಟ್ ಹೋದ್ರೂ ನಷ್ಟ ಇಲ್ಲ, ಕರೆಂಟ್ ಬಂದ ಮೇಲೆ ಮತ್ತೆ ಬಿಸಿ ಮಾಡಿದ್ರೆ ಆಯ್ತು. ಗಟ್ಟಿ ಮಾಡೋ ಹಾರ್ಡ್ನರ್ ಬಿದ್ದ ರೆಸಿನ್ ಯಾರಿಗೂ ಕಾಯಲ್ಲ, ಇದು ಕಾಯುತ್ತೆ. ಥರ್ಮೋಪ್ಲಾಸ್ಟಿಕ್ ಅಂದ್ರೆ ಅಷ್ಟೇ, ಬಿಸಿ ಮಾಡಿದಾಗ ಮೆತ್ತಗೆ, ಆರಿದಾಗ ಗಟ್ಟಿ, ಮತ್ತೆ ಮತ್ತೆ.

ಈಗ ಮುಖ್ಯ ಕೆಲಸ. ನಾನು ತರಿಸೋ ಬಟ್ಟೆ ಒಂದು ಪದರ ಸುಮಾರು 0.13 ಮಿ.ಮೀ., ಹಾಗಾಗಿ 2 ಮಿ.ಮೀ. ಶೀಟಿಗೆ ಹದಿನೈದು ಪದರ, ಜೀಪ್ ಗಾರ್ಡಿಗೆ 4 ಮಿ.ಮೀ. ಅಂದ್ರೆ ಮೂವತ್ತು. ಎರಡೂ ಮುಖಕ್ಕೆ ಟೆಫ್ಲಾನ್ ಶೀಟು ಇಡ್ತೀನಿ, ಇಲ್ಲಾಂದ್ರೆ ಪ್ಲೇಟಿಗೇ ಹಿಡ್ಕೊಳ್ಳುತ್ತೆ. ಪದರಗಳ ನಟ್ಟನಡುವೆ ಬಿಸಿ ಅಳೆಯೋ ಒಂದು ತೆಳ್ಳಗಿನ ಥರ್ಮೋಕಪಲ್ ವೈರ್ ಕೂರಿಸಿ ತುದಿ ಹೊರಗೆ ಬಿಡ್ತೀನಿ, ಆ ಅಂಚು ಆಮೇಲೆ ಹೇಗೂ ಕತ್ತರಿಸಿ ಹೋಗುತ್ತೆ. ಪ್ಲೇಟಿನ ಮೀಟರ್ ತೋರಿಸೋದು ಪ್ಲೇಟಿನ ಬಿಸಿ ಅಷ್ಟೇ. ಪ್ಲಾಸ್ಟಿಕ್ಕು ಬಿಸಿ ಒಳಗೆ ಬಿಟ್ಕೊಳ್ಳೋದು ಬಹಳ ನಿಧಾನ, ಮೂವತ್ತು ಪದರದ ನಡು ಬಿಸಿ ಆಗೋಕೆ ಹೊತ್ತು ಬೇಕು, ಅದನ್ನ ಗಡಿಯಾರ ನೋಡಿ ಅಂದಾಜು ಮಾಡೋದಕ್ಕಿಂತ ಒಳಗಿನ ವೈರನ್ನ ಕೇಳೋದೇ ವಾಸಿ. ನನ್ನ ಟೇಪಿಗೆ ನಡುವಿನ ಪದರ 135 ದಾಟ್ಬೇಕು, ಹೊರಗಿನ ಪದರ 150 ದಾಟಬಾರದು, ಪ್ಲೇಟನ್ನ 145ಕ್ಕೆ ಇಟ್ಟು ಕಾಯ್ತೀನಿ. ನಿಮ್ಮ ಟೇಪಿನ ಲೆಕ್ಕ ಬೇರೆ ಇರಬಹುದು, ಮಾರೋರು ಕೊಡೋ ಹಾಳೆಯಲ್ಲಿ ಇರುತ್ತೆ, ಅದನ್ನ ಓದದೆ ಪ್ರೆಸ್ ಮುಟ್ಬೇಡಿ.

ಬಿಸಿಗಿಂತ ದೊಡ್ಡ ವಿಷಯ ಒತ್ತಡ ಯಾವಾಗ ಕೊಡ್ತೀರಿ, ಯಾವಾಗ ಬಿಡ್ತೀರಿ ಅನ್ನೋದು. ಗೊಬ್ಬರ ಚೀಲದ ಎಳೆಗೆ ಬೆಂಕಿಕಡ್ಡಿ ಹತ್ತಿರ ತನ್ನಿ, ಬೆಂಕಿ ತಾಗೋ ಮೊದಲೇ ಮುದುರಿ ಗಿಡ್ಡ ಆಗುತ್ತೆ. ಎಳೆದು ನೆಟ್ಟಗೆ ಮಾಡಿದ ಸರಪಳಿಗಳು ಬಿಸಿ ಸಿಕ್ಕ ಕೂಡ್ಲೇ ಹಳೇ ಗಂಟಿಗೆ ವಾಪಸ್ ಹೋಗ್ತಿವೆ ಅಂತ ಅರ್ಥ. ಇಲ್ಲೂ ಅಷ್ಟೇ, ಬಟ್ಟೆಯನ್ನ ಸುಮ್ಮನೆ ಓವನ್ನಲ್ಲಿಟ್ರೆ ಮುದುರುತ್ತೆ, ಬಲವೂ ಹೋಗುತ್ತೆ. ಹಾಗಾಗಿ ತಣ್ಣಗಿರುವಾಗಲೇ ಒತ್ತಿ ಹಿಡೀಬೇಕು, ಬಿಸಿ ಏರುವಾಗ ಒತ್ತಿರ್ಬೇಕು, ಆರುವಾಗಲೂ ಒತ್ತೇ ಇರ್ಬೇಕು, 60 ಡಿಗ್ರಿಗೆ ಇಳಿದ ಮೇಲೇ ಪ್ರೆಸ್ ತೆಗೆಯೋದು. ಬಿಸಿಯಲ್ಲೇ ತೆಗೆದ್ರೆ ಶೀಟು ಸೊಟ್ಟಗಾಗುತ್ತೆ, ಪದರಗಳ ನಡುವೆ ಗಾಳಿ ಉಬ್ಬುತ್ತೆ.

ಆದ ಶೀಟು ಸರಿ ಇದೆಯಾ ಅಂತ ನೋಡೋಕೆ ಲ್ಯಾಬ್ ಏನೂ ಬೇಡ. ಮೂಲೆಯಲ್ಲಿ ಚಾಕು ತುದಿ ಹಾಕಿ ಒಂದು ಪದರ ಎಬ್ಬಿಸಿ ಕಟಿಂಗ್ ಪ್ಲೇಯರಲ್ಲಿ ಹಿಡಿದು ಎಳೀರಿ. ಬೆಸುಗೆ ಚೆನ್ನಾಗಿದ್ರೆ ನಾರು ನಾರಾಗಿ, ಬೂರಿನ ಥರ ಕಿತ್ಕೊಂಡು ಬರುತ್ತೆ. ನುಣ್ಣಗೆ ಹಾಳೆ ತಿರುಗಿಸಿದ ಹಾಗೆ ಬಂದ್ರೆ ಬಿಸಿ ಸಾಲ್ಲಿಲ್ಲ. ಬಣ್ಣ ಇಲ್ಲದ ಟೇಪಾದ್ರೆ ಇನ್ನೊಂದು ಗುರುತು ಇದೆ, ಶೀಟು ಅರೆಪಾರದರ್ಶಕ ಆಗ್ತಾ ಬಂದಿದ್ರೆ ಬಿಸಿ ಮೀರಿ ತಿರುಳೂ ಕರಗಿದೆ ಅಂತ, ಆಗ ನಿಮ್ಮ ಕೈಲಿರೋದು ದುಬಾರಿ ಬೆಲೆಯ ಡಬ್ಬಿ ಪ್ಲಾಸ್ಟಿಕ್ಕು ಅಷ್ಟೇ.

ನಾನು ಇದರಲ್ಲಿ ಮನಸಿಟ್ಟು ಮಾಡೋದು ಹಾಕಿ ಆಡೋ ಮಕ್ಕಳ ಶಿನ್ ಗಾರ್ಡ್, ಮೊಣಕಾಲ ಕೆಳಗೆ ಕಟ್ಕೊಳ್ಳೋ ಚಿಪ್ಪು. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ಮೇಲೆ ನಮ್ಮಲ್ಲಿ ಸ್ಟಿಕ್ ಹಿಡಿಯದ ಮನೆ ಹುಡುಕ್ಬೇಕು. ಹಾಕಿ ಚೆಂಡು 160 ಗ್ರಾಂ ಹತ್ತಿರ ತೂಗುತ್ತೆ, ಕಲ್ಲಿನ ಹಾಗೆ ಗಟ್ಟಿ, ಅದು ಮಗುವಿನ ಮೊಣಕಾಲ ಕೆಳಗೆ ಬಡಿದಾಗ ಆ ಸದ್ದು ಕೇಳೋಕಾಗಲ್ಲ. ಅಗ್ಗದ ಗಾರ್ಡುಗಳು ಕೆಲವು ಪೆಟ್ಟಿಗೇ ಬಿರುಕು ಬಿಡ್ತವೆ. ಒಬ್ಬ ಹುಡುಗಿಯ ತಾಯಿ ಬಂದು "ಅಣ್ಣ, ಇದು ಒಡೆದ್ರೆ ಕಾಲಿಗೆ ಚುಚ್ಚಲ್ವಾ?" ಅಂತ ಕೇಳಿದ್ರು, ಅವರ ಎದುರಿಗೇ ಒಂದು ತುಂಡನ್ನ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದೆ. ಬಡಿದ ಜಾಗ ಬೆಳ್ಳಗಾಯ್ತು, ಒಳಗೆ ಪದರ ಸ್ವಲ್ಪ ಬಿಟ್ಟಿತು, ಚೂರು ಮಾತ್ರ ಹಾರಲಿಲ್ಲ. ಪೆಟ್ಟಿನ ಶಕ್ತಿಯೆಲ್ಲಾ ಪದರ ಬಿಡಿಸೋದ್ರಲ್ಲಿ, ನಾರು ಎಳೆಯೋದ್ರಲ್ಲಿ ಖರ್ಚಾಗುತ್ತೆ, ಸಿಡಿಯೋಕೆ ಉಳಿಯಲ್ಲ. ಚಳಿಯಲ್ಲೂ ಈ ಗುಣ ಹೋಗಲ್ಲ.

ಗಾರ್ಡಿನ ಬಾಗು ಬರೋಕೆ ಕೆಳಗೆ ಅಲ್ಯೂಮಿನಿಯಂ ಅಚ್ಚು, ಮೇಲೆ ಸಿಲಿಕೋನ್ ರಬ್ಬರ್ ಪ್ಯಾಡು, ರಬ್ಬರ್ ಇದ್ರೆ ಬಾಗಿದ ಕಡೆಯೂ ಒತ್ತಡ ಸಮನಾಗಿ ಬೀಳುತ್ತೆ. ಒಳಗಡೆ ಫೋಮ್ ಇಲ್ಲದೆ ಬರೀ ಚಿಪ್ಪು ಕೊಡಬೇಡಿ, ಚಿಪ್ಪು ಪೆಟ್ಟನ್ನ ಹರಡುತ್ತೆ, ತಡ್ಕೊಳ್ಳೋದು ಫೋಮು. ಆದ್ರೆ ಫೋಮ್ ಅಂಟಿಸೋದೇ ದೊಡ್ಡ ತಲೆನೋವು, ಪಿಪಿಗೆ ಮಾಮೂಲಿ ಗಮ್ಮು ಯಾವುದೂ ಸರಿಯಾಗಿ ಹಿಡಿಯಲ್ಲ, ಪೇಂಟೂ ನಿಲ್ಲಲ್ಲ. ಇದಕ್ಕೆ ನಾನು ಮಾಡೋದು, ಕಡೇ ಪದರವಾಗಿ ಕ್ಯಾರಿ ಬ್ಯಾಗ್ ಮಾಡೋ ನಾನ್‌ವೋವನ್ ಬಟ್ಟೆ ಹಾಸಿಬಿಡ್ತೀನಿ, ಅದೂ ಪಿಪಿಯೇ ಆಗಿರೋದ್ರಿಂದ ಕೆಳಗೆ ಬೆಸೀತದೆ, ಮೇಲ್ಮೈ ಮಾತ್ರ ಒರಟಾಗಿ ಉಳಿಯುತ್ತೆ, ಗಮ್ಮು ಆ ಒರಟಿಗೆ ಕಚ್ಕೊಳ್ಳುತ್ತೆ. ಅಂಚಿಗೆ ಚಪ್ಪಲಿ ಹೊಲಿಯೋರ ಹತ್ತಿರ ಒಂದು ಸುತ್ತು ಹೊಲಿಗೆ ಹಾಕಿಸ್ತೀನಿ.

ಜೀಪಿನ ಸಂಪ್ ಗಾರ್ಡ್, ಅಂದ್ರೆ ಇಂಜಿನ್ನಿನ ಅಡಿಯ ಆಯಿಲ್ ಸಂಪಿಗೆ ಕಲ್ಲು ಬಡಿಯದ ಹಾಗೆ ಹಾಕೋ ತಟ್ಟೆ, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ, ಲೆಕ್ಕ ಕೊಡ್ತೀನಿ. 45ಕ್ಕೆ 40 ಸೆಂ.ಮೀ. ಉಕ್ಕಿನ 3 ಮಿ.ಮೀ. ಪ್ಲೇಟು 4 ಕೆಜಿ ದಾಟುತ್ತೆ, ಇದು 4 ಮಿ.ಮೀ. ಇದ್ರೂ 600 ಗ್ರಾಮಿನೊಳಗೆ, ನೀರಲ್ಲಿ ತೇಲುತ್ತೆ. ಕಲ್ಲು ಬಡಿದಾಗ ಬಾಗಿ ವಾಪಸ್ ಬರುತ್ತೆ, ಆದ್ರಿಂದ ಸಂಪಿಗೂ ಗಾರ್ಡಿಗೂ ನಡುವೆ ಉಕ್ಕಿಗೆ ಬಿಡೋದಕ್ಕಿಂತ ಜಾಸ್ತಿ ಗ್ಯಾಪ್ ಬಿಡಿ. ಸೈಲೆನ್ಸರ್ ಪೈಪ್ ಹತ್ತಿರ ಹೋಗೋ ಕಡೆ ಹಾಕಲೇಬೇಡಿ, ಬಿಸಿಗೆ ಮೆತ್ತಗಾಗುತ್ತೆ, ಬೆಂಕಿ ಹತ್ತಿದ್ರೆ ಉರಿಯುತ್ತೆ. ಬೋಲ್ಟಿಗೆ ಅಗಲ ವಾಷರ್ ಹಾಕಿ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳ್ಬೇಕು. ಮೆಣಸು ಕುಯ್ಯೋಕೆ, ಮರ ಕಪಾತಿಗೆ ಇದರಲ್ಲಿ ಏಣಿ ಮಾಡಿಕೊಡು ಅಂತ ತೋಟದವರು ಕೇಳ್ತಾರೆ. ಕೇಳೋದ್ರಲ್ಲಿ ತಪ್ಪಿಲ್ಲ, ಅಲ್ಯೂಮಿನಿಯಂ ಏಣಿ ಕರೆಂಟ್ ವೈರಿಗೆ ತಾಗಿ ನಮ್ಮ ತೋಟಗಳಲ್ಲಿ ಕೆಲಸದವರು ಜೀವ ಕಳ್ಕೊಂಡಿದಾರೆ, ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಆ ಸಂಕಟ ನೋಡಿದವನು ಯಾರೂ ಸುಮ್ಮನಿರೋಕಾಗಲ್ಲ. ಪಿಪಿ ಕರೆಂಟ್ ಹರಿಸಲ್ಲ ಅನ್ನೋದೂ ನಿಜ. ಆದ್ರೂ ನಾನು ಮಾಡಿಕೊಡಲ್ಲ. ಈ ಶೀಟಿನ ಬಿಗಿತ, ಅಂದ್ರೆ ಬಳುಕದೆ ನಿಲ್ಲೋ ಗುಣ, 5 ಗಿಗಾಪಾಸ್ಕಲ್ ಆಸುಪಾಸು, ಅಲ್ಯೂಮಿನಿಯಂದು 70. ಎಳೆದ್ರೆ ತುಂಡಾಗಲ್ಲ ಅಂದ್ಮಾತ್ರಕ್ಕೆ ಎತ್ತರದ ಏಣಿಗೆ ಸಾಲಲ್ಲ, ಆಳು ಹತ್ತಿದ್ರೆ ಬಳುಕುತ್ತೆ, ಭಾರ ಹೊತ್ತು ನಿಂತೇ ಇದ್ರೆ ದಿನ ಕಳೆದ ಹಾಗೆ ನಿಧಾನಕ್ಕೆ ಜಗ್ಗುತ್ತೆ. ಅದಕ್ಕೆ ಗ್ಲಾಸ್ ಫೈಬರಿನ ಅಚ್ಚಿನಿಂದ ಎಳೆದ ಪೈಪಿನ ಏಣಿಯೇ ಸರಿ, ಕರೆಂಟ್ ಕೆಲಸಕ್ಕೆ ಅಂತಲೇ ಮಾಡಿ ಟೆಸ್ಟ್ ಆಗಿ ಬರೋದನ್ನ ತಗೊಳ್ಳಿ, ದುಡ್ಡು ಜಾಸ್ತಿ ಆದ್ರೂ ತಗೊಳ್ಳಿ. ಅದನ್ನೂ ವೈರಿನ ಹತ್ತಿರ ಒಯ್ಯೋ ಮೊದಲು ಲೈನ್ ಆಫ್ ಮಾಡಿಸಿ.

ಕತ್ತರಿಸೋದು ಸ್ವಲ್ಪ ಹಟದ ಕೆಲಸ. ಜಿಗ್ಸಾ ಹಾಕಿದ್ರೆ ಬಿಸಿಗೆ ಅಂಚು ಕರಗಿ ಬ್ಲೇಡಿಗೆ ಸುತ್ಕೊಳ್ಳುತ್ತೆ, ಗ್ರೈಂಡರಂತೂ ಬೇಡವೇ ಬೇಡ. 2 ಮಿ.ಮೀ. ತನಕ ತಗಡು ಕತ್ತರಿಸೋ ಕತ್ತರಿ ಸಾಕು, ಅದಕ್ಕಿಂತ ದಪ್ಪಕ್ಕೆ ಶಿಯರಿಂಗ್ ಮೆಷಿನ್. ತೂತಿಗೆ ಡ್ರಿಲ್ ಬದಲು ಚೂಪಾದ ಪಂಚ್ ಹೊಡೆದ್ರೆ ಬೂರು ಬರಲ್ಲ. ಬಿಸಿಲಿಗೆ ಇಡೋ ಪಾರ್ಟಾದ್ರೆ ಹೊರಗಿನ ಪದರ ಕಪ್ಪು ಟೇಪಿಂದೇ ಇರಲಿ, ಬಿಳಿ ಪಿಪಿ ಬಿಸಿಲಿಗೆ ಪುಡಿಪುಡಿ ಆಗೋದನ್ನ ಅಂಗಳದಲ್ಲಿ ಬಿಟ್ಟ ಗೊಬ್ಬರ ಚೀಲದಲ್ಲೇ ನೋಡಿರ್ತೀರಿ. ಇನ್ನು ಉಳಿದ ಚೂರು, ಅಂಚು ಏನೂ ಬಿಸಾಕ್ಬೇಡಿ. ಎಲ್ಲಾ ಒಂದೇ ಜಾತಿ ಪ್ಲಾಸ್ಟಿಕ್ಕು, ಗ್ಲಾಸಿಲ್ಲ, ರೆಸಿನ್ನಿಲ್ಲ, ಅದನ್ನ ಫ್ರೇಮಲ್ಲಿ ತುಂಬಿ 190 ಡಿಗ್ರಿಗೆ ಪೂರ್ತಿ ಕರಗಿಸಿ ಒತ್ತಿದ್ರೆ ಮಾಮೂಲಿ ಪಿಪಿ ಪ್ಲೇಟು ಸಿಗುತ್ತೆ, ಎಳೆದ ಬಲ ಅದರಲ್ಲಿರಲ್ಲ, ಆದ್ರೆ ಗಾರ್ಡ್ ಕೂರಿಸೋ ಸ್ಪೇಸರಿಗೆ, ದಪ್ಪ ವಾಷರಿಗೆ ಅಷ್ಟು ಸಾಕು.