ಪಾರ್ಕಿನ ತಕರಾರು: ವಾರ್ಡ್ ಸಭೆಗೆ ಹೋಗುವ ಮೊದಲು

ಪಾರ್ಕಿಗೆ ಹೊಸ ಉಯ್ಯಾಲೆ, ಹೊಸ ದೀಪ ಬೇಕೆನ್ನುವವರು ಬಹಳ. ಹುಲ್ಲು ಕೊಯ್ಯುವವರು ಯಾರು, ಬೀಗದ ಕೈ ಯಾರ ಹತ್ತಿರ ಎಂದು ಕೇಳುವವರು ಕಡಿಮೆ. ಪಾರ್ಕುಗಳು ಹಾಳಾಗುವುದು ಇದರಿಂದಲೇ. ಕಾಸರಗೋಡು ನಗರಸಭೆಯಲ್ಲಿ ಇದನ್ನು ಎತ್ತಬೇಕಾದ ಜಾಗ ವಾರ್ಡ್ ಸಭೆ. 1994ರ ಕೇರಳ ಮುನಿಸಿಪಾಲಿಟಿ ಕಾಯ್ದೆಯಂತೆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು, ಕೌನ್ಸಿಲರೇ ಸಂಚಾಲಕರು.

ಮೊದಲು ನಗರಸಭೆಯ ಆಸ್ತಿ ರಿಜಿಸ್ಟರಿನಲ್ಲಿ ಆ ಜಾಗ ಇದೆಯೇ ಎಂದು ವಿಚಾರಿಸಿ. ಇದ್ದರೆ ದುರಸ್ತಿಗೆ ನಿರ್ವಹಣಾ ನಿಧಿಯ ರಸ್ತೆಯೇತರ ಪಾಲಿನಿಂದ ಹಣ ಕೇಳಬಹುದು. ಹೊಸ ಕಾಮಗಾರಿಗೆ ಯೋಜನಾ ನಿಧಿ. ಎರಡಕ್ಕೂ ಬೇರೆ ಬೇರೆ ಅರ್ಜಿ ಕೊಡಿ. ಕಲಸಿ ಬರೆದರೆ ದೊಡ್ಡ ಕೆಲಸಕ್ಕೆ ಹಣವಿಲ್ಲವೆಂದು ಮುರಿದ ಬೆಂಚಿನ ರಿಪೇರಿಯೂ ಕೂತುಬಿಡುತ್ತದೆ. ಜಾಗ ಕಂದಾಯ ಇಲಾಖೆಯದ್ದಾದರೆ ತಾಲೂಕು ಕಚೇರಿಗೆ ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಹೀಗೆ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಈ ಹಕ್ಕನ್ನು ಬಳಸದೆ ಬಿಡಬೇಡಿ.

ಸಭೆಗೆ ಮುಂಚೆ ಒಂದು ವಾರ ಬೆಳಗ್ಗೆ 6, ಮಧ್ಯಾಹ್ನ 12, ಸಂಜೆ 5, ರಾತ್ರಿ 8ಕ್ಕೆ ಪಾರ್ಕಿನಲ್ಲಿ ಎಷ್ಟು ಜನ, ಏನು ಮಾಡುತ್ತಿದ್ದಾರೆ ಎಂದು ಬರೆದಿಡಿ. ಚೆಂಡಾಟದವರಿಗೂ ನಡಿಗೆಯ ಹಿರಿಯರಿಗೂ ಇರುವ ಜಗಳ ಹೆಚ್ಚಾಗಿ ಒಂದೆರಡು ಗಂಟೆಯದ್ದು. ಆ ಲೆಕ್ಕ ಮುಂದಿಟ್ಟರೆ ಹೊತ್ತು ಹಂಚಿಕೊಳ್ಳಲು ಇಬ್ಬರೂ ಒಪ್ಪುತ್ತಾರೆ.

ನೆಲಕ್ಕೆಲ್ಲ ಇಂಟರ್‌ಲಾಕ್ (ಒಂದಕ್ಕೊಂದು ಜೋಡಿಸುವ ಸಿಮೆಂಟ್ ಇಟ್ಟಿಗೆ) ಹಾಕುವ ಪ್ರಸ್ತಾಪ ಬಂದರೆ ಗಟ್ಟಿಯಾಗಿ ವಿರೋಧಿಸಿ. ನಮ್ಮ ಮಳೆಗಾಲದಲ್ಲಿ ಮರದ ನೆರಳಿನ ಇಂಟರ್‌ಲಾಕ್ ಮೇಲೆ ಪಾಚಿ ಕಟ್ಟಿ ವಯಸ್ಸಾದವರು ಜಾರಿ ಬೀಳುತ್ತಾರೆ, ನೀರು ಇಂಗದೆ ಗೇಟಿನತ್ತ ಹರಿಯುತ್ತದೆ. ನಡೆಯುವ ದಾರಿಗೆ ಮಾತ್ರ ಒಂದೂವರೆ ಮೀಟರ್ ಅಗಲಕ್ಕೆ ಹಾಕಿದರೆ ಸಾಕು. ಮೀಟರಿಗೆ 2 ಸೆಂಟಿಮೀಟರಿನಂತೆ ಒಂದು ಬದಿಗೆ ಇಳಿಜಾರು ಇರಲಿ. ಮರದ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿಸಿ. ಹೊಸ ಗಿಡಕ್ಕೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿ ಉದ್ದ, ಅಗಲ, ಆಳ ಒಂದೊಂದು ಮೀಟರಿನ ಗುಂಡಿ ಬೇಕು. ಸಣ್ಣ ಗುಂಡಿಯಾದರೆ ಬೇರು ಒಳಗೇ ಸುತ್ತಿಕೊಳ್ಳುತ್ತದೆ, ನೀರು ನಿಂತು ಕೊಳೆಯುವುದೂ ಉಂಟು.

ತರಗೆಲೆ ಸುಡಲು ಬಿಡಬೇಡಿ. ಗಾಳಿಯಾಡುವಂತೆ ಸಂದು ಬಿಟ್ಟು ಮುರಕಲ್ಲಿನಿಂದ ಒಂದು ಮೀಟರ್ ಚೌಕದ ತೊಟ್ಟಿ ಕಟ್ಟಿ, ಗೊಬ್ಬರವಾಗಲು ಎಲೆಯನ್ನು ಅದರಲ್ಲಿ ತುಂಬಿ, ಪದರ ಪದರಕ್ಕೂ ಸೆಗಣಿ ನೀರು ಚಿಮುಕಿಸಿ. ಮಳೆಗಾಲದಲ್ಲಿ ಮೇಲೆ ಶೀಟು ಮುಚ್ಚದಿದ್ದರೆ ನಾರುತ್ತದೆ. ಪ್ಲಾಸ್ಟಿಕ್ಕನ್ನು ಮನೆಮನೆಯಿಂದ ಒಣ ಕಸ ಒಯ್ಯುವ ಹರಿತ ಕರ್ಮಸೇನೆಯವರಿಗೆ ಕೊಡಿ.

ಸಭೆ ಮುಗಿಯುವ ಮೊದಲು ನಿರ್ಣಯ ಓದಿಸಿ. ಕೆಲಸ, ಹೊಣೆಗಾರ, ತಾರೀಖು, ಯಾವ ನಿಧಿ ಎಂಬ ನಾಲ್ಕೂ ಅದರಲ್ಲಿರಬೇಕು. ‘ಪರಿಶೀಲಿಸಲಾಗುವುದು’ ಎಂದಷ್ಟೇ ಬರೆದಿದ್ದರೆ ಅಲ್ಲೇ ತಿದ್ದಿಸಿ. ಆಮೇಲೆ ನಿರ್ಣಯದ ಪ್ರತಿ ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು.